ಊರು ಸೇರದ ಹೆಂಗಸರು

ಒಂದೂರಲ್ಲಿ ಒಬ್ಬ ಅಜ್ಜಿ, ಒಬ್ಬಳು ಮೊಮ್ಮಗಳು ಇದ್ದರಂತೆ. ಮೊಮ್ಮಗಳು ಹ್ಞೂಂಗುಟ್ಟದಿದ್ದರೆ ಅಜ್ಜಿಯ ಕಥೆ ಇದ್ದಲ್ಲೇ ನಿಂತುಬಿಡುತ್ತಿತ್ತಂತೆ. ರಾಜ ಕುದುರೆಯ ಮೇಲೇ, ರಾಣಿ ಕಿಟಕಿಯಲ್ಲೇ ಉಳಿಯುತ್ತಿದ್ದರಂತೆ. ಈಗ ಗೌರಿಬಿದನೂರಿನ ಆ ಮನೆಯ ಪಡಸಾಲೆಯಲ್ಲಿ ಕಥೆ ಹೇಳಬೇಕಾದವಳು ಮೊಮ್ಮಗಳು, ಹ್ಞೂಂ ಅನ್ನಬೇಕಾದವಳು ಅಜ್ಜಿ.

ಅಮ್ಮಾಜಿ ಕಂಬಕ್ಕೆ ತಲೆಯಾನಿಸಿ ಕೂತಿದ್ದಳು. ರೈಲಿನ ಮಸಿ ಇನ್ನೂ ಕೊರಳಲ್ಲಿತ್ತು. ಶನಿವಾರ ತಾನು ಪಾಠ ಮಾಡುವ ಸ್ಕೂಲಿನ ಗಂಟೆ ಹೊಡೆದೊಡನೆ ಸ್ಟೇಷನ್ನಿಗೆ ಓಡುವುದು, ಸಂಜೆ ಬೆಂಗಳೂರಿನ ಹೊಸ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ ಕೇಳುವುದು, ಚಿಕ್ಕಮ್ಮನ ಮನೆಯಲ್ಲಿ ಮಲಗಿ ಭಾನುವಾರ ವಾಪಸು. ವಿಷಯ ಯೂದರ, ಅಂದರೆ ಯಹೂದಿಗಳ, ಚರಿತ್ರೆ, ಸಾಹಿತ್ಯ, ಚಿಂತನೆ. ಯಾರು ಬೇಕಾದರೂ ಬರಬಹುದೆಂದು ಪತ್ರಿಕೆಯಲ್ಲಿ ಬಂದಿತ್ತು. ಅಪ್ಪ ಚೆನ್ನರಾಯಪ್ಪ ಬೇಡವೆಂದಿದ್ದರು. ಅಜ್ಜಿ ಅಕ್ಕಯಮ್ಮನೇ ಹಟ ಹಿಡಿದು ಕಳಿಸಿದ್ದಳು, ಕೇಳಿದ್ದನ್ನೆಲ್ಲ ಬಂದು ಹೇಳಬೇಕೆಂಬ ಮಾತಿನ ಮೇಲೆ. ಪ್ರತಿ ಭಾನುವಾರವೂ ಅಮ್ಮಾಜಿ "ನಾಳೆ ಹೇಳ್ತೀನಜ್ಜಿ" ಎಂದು ಚಾಪೆ ಹಿಡಿದಿದ್ದಳು. ಇನ್ನು ಒಂದೇ ಉಪನ್ಯಾಸ ಉಳಿದಿತ್ತು. ಅಪ್ಪ ಸಾಕೆನ್ನುತ್ತಿದ್ದರು.

ಅಜ್ಜಿ ನೆನೆಸಿದ ಅವರೆಕಾಳಿನ ಪಾತ್ರೆಯನ್ನು ಎಳೆದುಕೊಂಡು ಹಿದುಕತೊಡಗಿದಳು. ಸಿಪ್ಪೆ ಬೆರಳಲ್ಲುಳಿದು ಬೇಳೆ ತಟ್ಟೆಗೆ ಹಾರುತ್ತಿತ್ತು.

"ಕೂತಲ್ಲೇ ತೂಕಡಿಸ್ತೀಯಲ್ಲೇ. ಇವತ್ತಾದ್ರೂ ಹೇಳಮ್ಮ. ದ್ವಾರಕೆ ಮುಳುಗ್ತು. ಅರ್ಜುನ ಹೆಂಗಸ್ರನ್ನ ಕರ್ಕೊಂಡು ಹೊಂಟ, ದಾರೀಲಿ ಕಳ್ಳರು ಬಿದ್ರು. ಅಲ್ಲೀಗಂಟ ನಂಗೊತ್ತು. ಆಮೇಲೆ ಆ ಹೆಂಗಸ್ರು ಏನಾದ್ರು?"

ಅಮ್ಮಾಜಿ ಕಣ್ಣು ಬಿಟ್ಟಳು. ಚಿಕ್ಕಂದಿನಲ್ಲಿ ಇದೇ ಮಾತನ್ನು ಅವಳೇ ಕೇಳಿದ್ದಳು. "ನಂಗೆ ಹೇಳಿದೋರು ಅಲ್ಲಿಗೇ ನಿಲ್ಸಿದ್ರು ಕಣಮ್ಮ, ನೀನು ಓದಿ ತಿಳ್ಕೊಂಡು ನಂಗೆ ಹೇಳು" ಎಂದಿದ್ದಳು ಅಜ್ಜಿ.

"ದ್ವಾರಕೆ ಯಾಕಜ್ಜಿ ಈಗ?"

"ಯಾದವರ ಕಥೆ ಕೇಳಕ್ಕೆ ತಾನೇ ನೀನು ಹೋಗ್ತಿರೋದು?"

ಜಗುಲಿಯಿಂದ ಅಪ್ಪ ನಕ್ಕರು. "ಯಾದವರಲ್ಲಮ್ಮ, ಯೂದರು. ನಾನು ಪೇಪರ್ ಓದಿದ್ದು ನಿಂಗೆ ಹಂಗೆ ಕೇಳಿಸ್ತಾ? ಕೃಷ್ಣನಿಗೂ ಅವರಿಗೂ ಬಾದರಾಯಣ ಸಂಬಂಧಾನೂ ಇಲ್ಲ. ಆಯ್ತಲ್ಲ, ಮುಂದಿನ ವಾರ ಮನೇಲಿರ್ಲಿ. ಮುಖ ನೋಡು, ಬಾಡಿದ ಬದನೇಕಾಯಿ ಆಗೈತೆ."

ಅಜ್ಜಿಯ ಬೆರಳು ನೀರಿನಲ್ಲೇ ನಿಂತಿತು. "ಮತ್ತೆ ಯಾರೇ ಅವರು?"

ಅಮ್ಮಾಜಿ ಸುಳ್ಳು ಹೇಳುವುದಕ್ಕೂ ದಣಿದಿದ್ದಳು. "ಬೇರೆ ಜನ ಅಜ್ಜಿ. ಬಲು ದೂರದೋರು. ಅವರ ಗುಡೀನ ಸುಟ್ರು, ಊರು ಬಿಡಿಸಿದ್ರು. ಹೆಂಗಸ್ರು ಮಕ್ಕಳನ್ನ ಕಟ್ಕೊಂಡು ನಡೆದ್ರು."

ಅಜ್ಜಿಯ ಹ್ಞೂಂ ಇಲ್ಲದೆ ಮುಂದೆ ಹೇಳುವುದು ಅಮ್ಮಾಜಿಗೆ ಅಭ್ಯಾಸವಿರಲಿಲ್ಲ. ಒಂದು ಕಾಳು ತೆಗೆದುಕೊಂಡು ಹಿದುಕಿದಳು. ಬೇಳೆ ಪುಟಿದು ಅಜ್ಜಿಯ ಮಡಿಲಿಗೆ ಬಿತ್ತು.

"ಹ್ಞೂಂ," ಎಂದಳು ಅಜ್ಜಿ.

ಮೊಮ್ಮಗಳು ಹೇಳಿದಳು. ಕಲ್ಲಿನ ಗುಡಿ ಹೋದ ಮೇಲೆ ಪುಸ್ತಕವನ್ನೇ ಗುಡಿ ಮಾಡಿಕೊಂಡು ಊರೂರು ಹೊತ್ತದ್ದು. ಹಿಂದೊಮ್ಮೆ ಜೀತದಿಂದ ಬಿಡಿಸಿಕೊಂಡು ಬಂದ ಕಥೆಯನ್ನು ವರ್ಷವರ್ಷವೂ ಹಬ್ಬದೂಟಕ್ಕೆ ಕೂತಾಗ ಹೇಳಿಕೊಳ್ಳುವುದು. ಮನೆಯ ಚಿಕ್ಕ ಮಗು ಕೇಳಬೇಕು, ಹಿರಿಯರು ಹೇಳಬೇಕು.

"ಮಗು ಕೇಳ್ದಿದ್ರೆ?"

"ಕೇಳ್ಲೇಬೇಕಂತೆ."

"ಹಂಗಾದ್ರೆ ನಮ್ಮ ಹ್ಞೂಂ ಇದ್ದಂಗೇ. ಸರಿ, ಊರು ಸೇರಿದ್ರಾ?"

"ಅದನ್ನ ಕೊನೇ ದಿನ ಹೇಳ್ತಾರೆ."

ಅಜ್ಜಿ ಜಗುಲಿಯ ಕಡೆ ತಿರುಗಿದಳು. "ಚೆನ್ನರಾಯ, ಶನಿವಾರ ಇವಳು ಹೋಗಿ ಬರ್ಲಿ ಕಣಪ್ಪ. ಆ ಹೆಂಗಸ್ರು ಇನ್ನೂ ದಾರೀಲೇ ಅವ್ರೆ."

"ಯಾದವರೂಂತ ತಾನೇ ನೀನು ಕಳಿಸಿದ್ದು?"

"ಹೂಂ. ಈಗ ಇವರೂಂತ ಕಳಿಸ್ತೀನಿ."

ಮುಂದಿನ ಭಾನುವಾರ ಅಮ್ಮಾಜಿ ಚಾಪೆಯ ಕಡೆ ನೋಡದೆ ಬಂದು ಪಾತ್ರೆಯ ಮುಂದೆ ಕೂತಳು. ಅವರೆಯ ಕಾಲ ಮುಗಿಯುತ್ತ ಬಂದಿತ್ತು. ಬಲಿತ ಕಾಳು ಸಿಪ್ಪೆ ಬಿಡಲು ಸತಾಯಿಸುತ್ತಿತ್ತು.

"ಕೆಲವರು ಊರು ಸೇರಿದ್ರು ಅಜ್ಜಿ. ಎಷ್ಟೋ ಜನ ದಾರೀಲೇ ತೀರ್ಕೊಂಡ್ರು."

ಅಜ್ಜಿ ಹ್ಞೂಂ ಅನ್ನುವುದನ್ನು ಮರೆತು ಒಂದೇ ಕಾಳನ್ನು ಹಿದುಕುತ್ತಲೇ ಇದ್ದಳು. ಕಥೆ ನಿಂತಿತು. ಹೊರಗೆ ಹಿಂದೂಪುರದ ಗಾಡಿ ಕೂಗಿ ಹೋಯಿತು.

"ಹ್ಞೂಂ," ಎಂದರು ಜಗುಲಿಯಲ್ಲಿದ್ದ ಅಪ್ಪ.

ಅಮ್ಮಾಜಿ ಅತ್ತ ನೋಡಿ, ಮತ್ತೆ ಅಜ್ಜಿಯ ಕಡೆ ತಿರುಗಿದಳು. "ಇನ್ನು ಕೆಲವರು ಇದ್ದಲ್ಲೇ ಒಲೆ ಹೂಡಿದ್ರು. ಮಕ್ಕಳು ಕೇಳ್ತಿದ್ರು, ಇವರು ಹೇಳ್ತಿದ್ರು. ಅಷ್ಟೇ ಅಜ್ಜಿ. ಮುಗೀತು."

ಅಜ್ಜಿ ನೀರಿನಲ್ಲಿ ಕೈಯಾಡಿಸಿದಳು. ಕಾಳು ಒಂದೂ ಉಳಿದಿರಲಿಲ್ಲ. ಸಿಪ್ಪೆಗಳು ನಿಧಾನವಾಗಿ ಸುತ್ತಿ, ಪಾತ್ರೆಯ ಅಂಚಿಗೆ ಬಂದು ನಿಂತವು.