ದೇವರ ಮನೆಯ ನಡವಳಿ ಪುಸ್ತಕ

“ಪುಸ್ತಕ ನಿಮ್ಮಪ್ಪನ ಆಸ್ತಿ ಅಲ್ಲ ಆವಲಪ್ಪ, ಊರಿಂದು. ತಗೊಂಡು ಬಾ ಹೊರಗೆ.”

“ನಮ್ಮಪ್ಪನ ಸುದ್ದಿಗೆ ಬಂದ್ರೆ ಹಲ್ಲು ಉದುರ್ತವೆ ಮೆಂಬರೇ. ನಮ್ಮ ಜಗಲಿ ಮೇಲೆ ನಿಂತಿದೀಯ, ಮರ್ಯಾದೆಯಾಗಿ ನಿಂತ್ಕೋ.”

“ನಿಂತ್ಕೊಳ್ಳಲ್ಲ, ಕೂತ್ಕೋತೀನಿ. ಪುಸ್ತಕ ಬರೋವರ್ಗೂ ಏಳಲ್ಲ.”

ಹಾಗೆಂದು ನಲ್ಲಗುಟ್ಟಪಲ್ಲಿ ಪಂಚಾಯಿತಿ ಚೇರ್ಮನ್ ಆವಲಪ್ಪನ ಜಗಲಿಯ ಮೇಲೆ ಟವೆಲ್ಲು ಕೊಡವಿ ಹಾಸಿ ಕೂತೇಬಿಟ್ಟೆ. ನಾನೂ ಅದೇ ಪಂಚಾಯಿತಿಯ ಮೆಂಬರು. ಎರಡು ವರ್ಷದ ಹಿಂದೆ, ಅರವತ್ತನೇ ಇಸವಿಯಲ್ಲಿ, ನಮ್ಮ ಕೇರಿಯವರು ಕೈಯೆತ್ತಿ ಗೆಲ್ಲಿಸಿದ್ದರು. ಊರಿನ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿದವನು, ಓದಲು ಬರೆಯಲು ಬರುವವನು, ಅನ್ಯಾಯ ಕಂಡರೆ ಬಾಯಿ ಮುಚ್ಚಿಕೊಂಡಿರುವವನಲ್ಲ ಅಂತ. ಬಾಯಿ ಮುಚ್ಚಿಕೊಂಡಿರುವವನಲ್ಲ ಅನ್ನುವುದಂತೂ ನಿಜ.

ಒಳಗಿನಿಂದ ಆವಲಪ್ಪನ ಹೆಂಡತಿ ವೆಂಕಟರತ್ನಮ್ಮ ಹೊಸ್ತಿಲಿನ ತನಕ ಬಂದಳು. ಇವತ್ತು ಶುಕ್ರವಾರ, ಶುಕ್ರವಾರ ಮನೆಯಿಂದ ಒಂದು ಹಿಡಿ ಉಪ್ಪನ್ನೂ ಹೊರಗೆ ಕೊಡುವುದಿಲ್ಲ, ಅಂಥದ್ದರಲ್ಲಿ ದೇವರ ಮುಂದಿಟ್ಟ ಪುಸ್ತಕ ಕೊಟ್ಟರೆ ಲಕ್ಷ್ಮಿ ಅದರ ಹಿಂದೆಯೇ ಹೊರಟುಹೋಗುತ್ತಾಳೆ ಅಂದಳು. ಆ ಲಕ್ಷ್ಮಿ ಯಾವ ದಾರಿಯಲ್ಲಿ ನಿಮ್ಮ ಮನೆಗೆ ಬಂದಳು ಅನ್ನುವುದನ್ನೇ ನಾನು ನೋಡಬೇಕಾಗಿರುವುದು ಅಂದೆ. ಬೀದಿಯಲ್ಲಿ ನಿಂತಿದ್ದ ನಾಲ್ಕು ಜನ ನಕ್ಕರು. ಚಿಕ್ಕಮುನಿಯಕ್ಕ ಮಾತ್ರ ನಗಲಿಲ್ಲ. ಸೆರಗಿನ ತುದಿಯಲ್ಲಿ ಮಡಚಿಟ್ಟ ಕಾಗದವನ್ನು ಗಟ್ಟಿಯಾಗಿ ಹಿಡಿದುಕೊಂಡು ಎದುರು ಗೋಡೆಗೆ ಒರಗಿದ್ದಳು.

ಆ ಕಾಗದದ ವಿಷಯ ಹೇಳಬೇಕು. ನಮ್ಮೂರ ಗುಟ್ಟೆಯ, ಅಂದರೆ ಕಲ್ಲುಬೆಟ್ಟದ, ಬುಡದಲ್ಲಿ ಗೋಮಾಳವಿದೆ. ಅದರ ಅಂಚಿನಲ್ಲಿ ಒಂದು ಎಕರೆ ಜಾಗ ಬರೀ ಕಲ್ಲು. ಚಿಕ್ಕಮುನಿಯಕ್ಕನೂ ಅವಳ ಗಂಡ ನರಸಪ್ಪನೂ ಆ ಕಲ್ಲನ್ನು ಆಯ್ದು ಆಯ್ದು ಸುತ್ತ ಗೋಡೆ ಕಟ್ಟಿದರು. ಗೋಡೆ ಎದೆಯ ಮಟ್ಟಕ್ಕೆ ಬಂದಾಗ ಒಳಗೆ ಮಣ್ಣು ಕಾಣಿಸಿತು. ಹಿಪ್ಪುನೇರಳೆ ಕಡ್ಡಿ ನೆಟ್ಟರು. ನರಸಪ್ಪ ಸತ್ತು ಎಂಟು ವರ್ಷವಾಯಿತು. ಆಮೇಲೆ ಆಕೆ ಒಬ್ಬಳೇ ಸೊಪ್ಪು ಕೊಯ್ದು, ರೇಷ್ಮೆ ಹುಳು ಮೇಯಿಸಿ, ಗೂಡನ್ನು ಶಿಡ್ಲಘಟ್ಟಕ್ಕೆ ಹೊತ್ತು ಮಾರಿ, ಮಗಳನ್ನು ಕೈವಾರಕ್ಕೆ ಮದುವೆ ಮಾಡಿ ಕೊಟ್ಟಳು. ಹದಿನೈದು ವರ್ಷದಿಂದ ಸಾಗುವಳಿ ಮಾಡಿದ ಜಾಗ, ನನ್ನ ಹೆಸರಿಗೆ ಮಂಜೂರು ಮಾಡಿಕೊಡಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ್ದಳು. ಅರ್ಜಿ ಬರೆದುಕೊಟ್ಟವನು ನಾನೇ. ಅದಕ್ಕೆ ತಾಲ್ಲೂಕಿನ ಅಮಲ್ದಾರರ ಕಚೇರಿಯಿಂದ ಬಂದ ಉತ್ತರ ಆ ಕಾಗದ. ಪಂಚಾಯಿತಿಯ ತೀರ್ಮಾನದ ಮೇರೆಗೆ ಅರ್ಜಿ ವಜಾ ಆಗಿದೆ, ಜಮೀನು ಬಿಟ್ಟುಕೊಡತಕ್ಕದ್ದು.

ಓದಿ ನನ್ನ ಮೈಯೆಲ್ಲಾ ಉರಿದುಹೋಯಿತು. ಎರಡು ವರ್ಷದಲ್ಲಿ ಒಂದು ಸಭೆಯನ್ನೂ ತಪ್ಪಿಸಿದವನಲ್ಲ ನಾನು. ಬೀದಿ ದೀಪ, ಕೆರೆ ತೂಬು, ಸ್ಕೂಲಿನ ಹೆಂಚು, ಇವುಗಳ ಮಾತು ಬಂದಿತ್ತು. ಚಿಕ್ಕಮುನಿಯಕ್ಕನ ಹೆಸರು ಒಂದು ದಿನವೂ ಬಂದಿರಲಿಲ್ಲ. ಅವಳೆದುರಿಗೆ ನನ್ನ ಮಕ್ಕಳ ತಲೆ ಮುಟ್ಟಿ ಹೇಳಿದೆ, ಇದು ನಮ್ಮ ತೀರ್ಮಾನ ಅಲ್ಲವೇ ಅಲ್ಲ, ಯಾರೋ ಸುಳ್ಳು ಬರೆದಿದ್ದಾರೆ, ಸಭೆಯ ತೀರ್ಮಾನ ಬರೆಯುವ ನಡವಳಿ ಪುಸ್ತಕ ತೆಗೆಸಿ ತೋರಿಸುತ್ತೀನಿ ಅಂತ. ಆಕೆ ನನ್ನ ಮಾತನ್ನು ನಂಬಿದಳು.

ಪುಸ್ತಕ ತೆಗೆಸುವುದು ಅಷ್ಟು ಸುಲಭ ಅಂದುಕೊಂಡಿದ್ದೆ ನೋಡಿ, ನನ್ನಂಥ ಪೆದ್ದ ಇಲ್ಲ. ಸೆಕ್ರೆಟರಿ ಕೋನಪ್ಪನನ್ನು ಮೊದಲ ಸಲ ಕೇಳಿದಾಗ ಬೀಗದ ಕೈ ಚೇರ್ಮನ್ ಹತ್ತಿರ ಇದೆ ಅಂದ. ಆವಲಪ್ಪನನ್ನು ಕೇಳಿದರೆ ಕೋನಪ್ಪ ಇಲ್ಲದೆ ಪುಸ್ತಕ ಬಿಚ್ಚಬಾರದು ಅಂದ. ಇಬ್ಬರೂ ಒಟ್ಟಿಗೆ ಸಿಕ್ಕ ದಿನ ಅಮಾವಾಸ್ಯೆ. ಮುಂದಿನ ವಾರ ಕೋನಪ್ಪ ಚಿಂತಾಮಣಿಗೆ ಹೋಗಿದ್ದ. ಅದರ ಮುಂದಿನ ವಾರ ಆವಲಪ್ಪನ ದಾಯಾದಿಗಳ ಮನೆಯಲ್ಲಿ ಮಗು ಹುಟ್ಟಿ ಸೂತಕ, ದೇವರ ಮನೆಗೆ ಯಾರೂ ಕಾಲಿಡುವ ಹಾಗಿಲ್ಲ.

ನಡವಳಿ ಪುಸ್ತಕ ದೇವರ ಮನೆಗೆ ಯಾಕೆ ಹೋಯಿತು ಅನ್ನುತ್ತೀರಾ? ಪಂಚಾಯಿತಿಗೆ ಸ್ವಂತ ಕಟ್ಟಡ ಇಲ್ಲ. ನಾವು ಗೆದ್ದ ವರ್ಷ ಆಯುಧ ಪೂಜೆಯ ದಿನ ಆವಲಪ್ಪ ಪುಸ್ತಕವನ್ನು ಚಾವಡಿಯಿಂದ ತನ್ನ ಮನೆಗೆ ತರಿಸಿ, ಕುಡುಗೋಲು ಮಚ್ಚಿನ ಜೊತೆ ಪೂಜೆಗಿಟ್ಟ. ಸರಸ್ವತಿ ಅಂದ. ನಾವೆಲ್ಲ ಕೈ ಮುಗಿದೆವು. ಪೂಜೆಗೆ ಹೋದ ಪುಸ್ತಕ ಮತ್ತೆ ಚಾವಡಿಗೆ ತಿರುಗಲಿಲ್ಲ. ಸಭೆಯ ದಿನ ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಬರುವುದು, ಸಭೆ ಮುಗಿದರೆ ಹಾಗೇ ಹೋಗುವುದು. ಊರಿನ ಜಮೀನು, ನೀರು, ದಾರಿ ಎಲ್ಲವನ್ನೂ ಬರೆದಿಟ್ಟ ಪುಸ್ತಕಕ್ಕೆ ಊರಿನವರು ಹೊರಗಿನಿಂದ ನಮಸ್ಕಾರ ಮಾಡಬಹುದು, ಓದುವ ಹಾಗಿಲ್ಲ. ಕಳ್ಳರು ಗೋಡೆ ಕೊರೆದು ಒಳಗೆ ಹೋಗುತ್ತಾರೆ. ನಮ್ಮೂರಲ್ಲಿ ಗೋಡೆ ಕೊರೆಯುವ ಕಷ್ಟವೂ ಇರಲಿಲ್ಲ, ಕುಂಕುಮ ಇಟ್ಟರೆ ಸಾಕಾಗಿತ್ತು.

ಕೊನೆಗೆ ಚಿಕ್ಕಮುನಿಯಕ್ಕನನ್ನು ಕರೆದುಕೊಂಡು ಶಿಡ್ಲಘಟ್ಟದ ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿದ್ದ ವಯಸ್ಸಾದ ಗುಮಾಸ್ತರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ತಮ್ಮ ಫೈಲಿನಲ್ಲಿ ಇರುವುದು ತೀರ್ಮಾನದ ನಂಬರು, ತಾರೀಕು, ಸರ್ವಾನುಮತ ಅನ್ನುವ ಮಾತು ಅಷ್ಟೇ, ಪೂರ್ತಿ ಬರಹ ನಿಮ್ಮೂರಿನ ಪುಸ್ತಕದಲ್ಲೇ ಇದೆ ಅಂದರು. ಊರಿನವರು ಕೇಳಿದರೆ ಅದನ್ನು ತೋರಿಸಲೇಬೇಕು, ಮೆಂಬರಾದ ನಿಮಗೇ ತೋರಿಸದಿದ್ದರೆ ಬರೆದು ಕೊಡಿ, ಅಮಲ್ದಾರ್ ಸಾಹೇಬರ ಮುಂದೆ ಇಡುತ್ತೇನೆ ಅಂದರು. ನಂಬರು, ತಾರೀಕು ಎರಡನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಒಂದೇ ಮಾತು ಕೇಳಿದಳು. “ಅಲ್ಲಪ್ಪ, ಪುಸ್ತಕದಾಗೆ ಸುಳ್ಳು ಇದ್ರೆ ತೋಟ ಉಳೀತದೇನಪ್ಪ?” ಉಳಿಯದೆ ಏನು, ಸುಳ್ಳು ಬರೆದವರ ಕೈಗೆ ಕೋಳ ಹಾಕಿಸುತ್ತೀನಿ ಅಂದೆ. ಅವಳ ಮನೆಯಲ್ಲಿ ಹುಳು ಮೂರನೇ ಜ್ವರ ಎದ್ದಿದ್ದವು, ಅಂದರೆ ಮೂರನೇ ಸಲ ಪೊರೆ ಬಿಟ್ಟಿದ್ದವು. ಇನ್ನು ಹದಿನೈದು ದಿನ ರಾಶಿ ರಾಶಿ ಸೊಪ್ಪು ಬೇಕು, ತೋಟ ಬಿಡು ಅಂದರೆ ಅವಳು ತಟ್ಟೆಯಲ್ಲಿರುವ ಹುಳುಗಳಿಗೆ ಏನು ಹಾಕಬೇಕು?

ಮಾರನೆಯ ದಿನವೇ ಶುಕ್ರವಾರ. ಅವತ್ತೇ ನಾನು ಜಗಲಿಯ ಮೇಲೆ ಕೂತದ್ದು.

ಬಿಸಿಲು ಏರಿತು, ಇಳಿಯಿತು. ಆವಲಪ್ಪ ನನ್ನ ಪಕ್ಕದಿಂದಲೇ ಹೊಲಕ್ಕೆ ಹೋದ, ಬಂದ, ಉಂಡ, ಮಲಗಿ ಎದ್ದ. ವೆಂಕಟರತ್ನಮ್ಮ ನನಗೂ ಒಂದು ಚೊಂಬು ಮಜ್ಜಿಗೆ ಕಳಿಸಿದಳು. ಶುಕ್ರವಾರ ಮಜ್ಜಿಗೆ ಹೊರಗೆ ಬರಬಹುದಾದರೆ ಪುಸ್ತಕಕ್ಕೆ ಏನು ರೋಗ ಅಂತ ಕೇಳಿ ವಾಪಸು ಕಳಿಸಿದೆ. ಅಕ್ಕ ನಡುವೆ ಎರಡು ಸಲ ಹೋಗಿ ಹುಳುಗಳಿಗೆ ಸೊಪ್ಪು ಹಾಕಿ ಬಂದಳು. ಸಂಜೆಯ ಹೊತ್ತಿಗೆ ಬೀದಿ ತುಂಬ ಜನ. ಗುಮಾಸ್ತರು ಕೊಟ್ಟ ಚೀಟಿಯನ್ನು ಎತ್ತಿ ತೋರಿಸಿ, ಸೋಮವಾರ ಇದೇ ಚೀಟಿ ಸಾಹೇಬರ ಮುಂದೆ ಇರುತ್ತದೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಆವಲಪ್ಪ ಆಗ ಮೊದಲ ಬಾರಿಗೆ ನನ್ನ ಮುಖ ನೋಡಿದ. ನಾಳೆ ಬೆಳಿಗ್ಗೆ ಚಾವಡಿಗೆ ಬಾ, ನೀನೇ ಓದುವೆಯಂತೆ ಅಂದ. ಗೆದ್ದೆ ಅಂದುಕೊಂಡು ಟವೆಲ್ಲು ಹೆಗಲಿಗೆ ಹಾಕಿಕೊಂಡೆ.

ಶನಿವಾರ ಚಾವಡಿ ಕಿಕ್ಕಿರಿದಿತ್ತು. ಕೋನಪ್ಪ ಕೆಂಪು ಬಟ್ಟೆ ಬಿಚ್ಚಿದ. ರಟ್ಟಿನ ಮೇಲೆ ಅರಿಸಿನ ಕುಂಕುಮ ಒಂದು ಬೆರಳು ದಪ್ಪ ಮೆತ್ತಿತ್ತು. ಚೀಟಿಯಲ್ಲಿದ್ದ ನಂಬರಿನ ಪುಟ ತೆಗೆದು ನನ್ನ ಕೈಗೆ ಕೊಟ್ಟ. ಅಕ್ಕ ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಕೂತಿದ್ದಳು.

ನಾನು ಜೋರಾಗಿ ಓದಿದೆ. ಗುಟ್ಟೆಯ ಬುಡದ ಒಂದು ಎಕರೆ ಜಮೀನನ್ನು ಮುನಿಶಾಮಪ್ಪನು ಹತ್ತು ವರ್ಷದಿಂದ ಸಾಗುವಳಿ ಮಾಡುತ್ತಿರುವುದನ್ನು ಸದಸ್ಯರೆಲ್ಲರೂ ಕಣ್ಣಾರೆ ಕಂಡಿದ್ದಾರೆ. ಚಿಕ್ಕಮುನಿಯಮ್ಮನು ಅಲ್ಲಿ ಕೂಲಿಯವಳು ಮಾತ್ರ. ಸದರಿ ಜಮೀನನ್ನು ಮುನಿಶಾಮಪ್ಪನಿಗೇ ಕೊಡಬಹುದೆಂದು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿದೆ.

ಮುನಿಶಾಮಪ್ಪ ಅಂದರೆ ಆವಲಪ್ಪನ ಬಾಮೈದ. ಆ ಗೋಡೆಯ ಒಂದು ಕಲ್ಲನ್ನೂ ಎತ್ತಿಟ್ಟವನಲ್ಲ. ಚಾವಡಿಯಲ್ಲಿ ಗುಜುಗುಜು ಎದ್ದಿತು. ಕೂಲಿಯವಳಂತೆ, ಥೂ, ಅಂತ ಯಾರೋ ಹಿಂದಿನಿಂದ ಉಗಿದರು. ನಾನು ಪುಸ್ತಕವನ್ನು ಎತ್ತಿ ಹಿಡಿದು, ನೋಡಿದಿರೇನಪ್ಪ ಇವರ ಕಳ್ಳತನ ಅಂತ ಬಾಯಿ ತೆಗೆಯುವವನಿದ್ದೆ.

ಅಷ್ಟರಲ್ಲಿ ಪುಟದ ಕೆಳಭಾಗ ಕಣ್ಣಿಗೆ ಬಿತ್ತು.

ಮೂರು ಹೆಬ್ಬೆಟ್ಟು, ಎರಡು ರುಜು. ಒಂದು ಆವಲಪ್ಪನದು. ಇನ್ನೊಂದು ನನ್ನದು. ಸುಳ್ಳು ರುಜುವಲ್ಲ. ನನ್ನದೇ ಕೈ, ಕೆಳಗೆ ಎರಡು ಗೆರೆ ಎಳೆದು ಚುಕ್ಕಿ ಇಟ್ಟದ್ದು.

ನಮ್ಮ ಪಂಚಾಯಿತಿಯ ಪದ್ಧತಿ ಹೇಳುತ್ತೇನೆ ಕೇಳಿ, ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಸಭೆಗೆ ಬಂದ ಕೂಡಲೇ ಮೊದಲು ರುಜು. ಕೋನಪ್ಪ ಖಾಲಿ ಪುಟ ತೆಗೆದು ಕೆಳಗಡೆ ಬೆರಳಿಟ್ಟು ತೋರಿಸುತ್ತಿದ್ದ, ನಾವು ಹಾಕುತ್ತಿದ್ದೆವು. ಆಮೇಲೆ ಕಾಫಿ, ಮಾತು. ನಡವಳಿಯನ್ನು ಅವನು ಆಮೇಲೆ ಆವಲಪ್ಪನ ಮನೆಯಲ್ಲಿ ಕೂತು ದುಂಡಗೆ ಬರೆಯುತ್ತಿದ್ದ. ಇದರಲ್ಲಿ ತಪ್ಪಿದೆ ಅಂತ ಎರಡು ವರ್ಷದಲ್ಲಿ ಒಂದು ದಿನವೂ ನನಗೆ ಅನ್ನಿಸಲಿಲ್ಲ. ಹೆಬ್ಬೆಟ್ಟು ಒತ್ತುವವರ ಎದುರಿಗೆ ಪೆನ್ನು ಹಿಡಿದು ರುಜು ಹಾಕುವುದೇ ನನಗೆ ದೊಡ್ಡಸ್ತಿಕೆಯಾಗಿತ್ತು. ಓದು ಬಾರದ ಮೂವರಿಗೆ ಮೋಸ ಮಾಡಬಹುದು, ಸರಿ. ಓದು ಬರುವ ನನಗೆ ಮೋಸ ಮಾಡಲು ಕೋನಪ್ಪ ಹೆಚ್ಚಿಗೆ ಏನೂ ಮಾಡಬೇಕಾಗಿರಲಿಲ್ಲ.

“ಯಾಕಪ್ಪ ನಿಲ್ಲಿಸ್ದೆ?” ಅಂದಳು ಅಕ್ಕ. “ಕೆಳಗೆ ಯಾರ್ಯಾರು ಒಪ್ಕೊಂಡವ್ರೆ, ಅದನ್ನೂ ಓದು.”

ಅವಳಿಗೆ ಓದು ಬಾರದು. ನನ್ನ ಹೆಸರನ್ನು ಬಿಟ್ಟು ನಾಲ್ಕು ಹೆಸರು ಓದಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆವಲಪ್ಪ ಎಲೆ ಅಡಿಕೆ ಜಗಿಯುತ್ತಾ ನನ್ನನ್ನೇ ನೋಡುತ್ತಿದ್ದ.

“ಓದು ಮೆಂಬರೇ,” ಅಂದ. “ಊರಿಗೆಲ್ಲ ಕೇಳೋ ಹಂಗೆ ಓದು.”

ಓದಿದೆ. ಐದೂ ಹೆಸರು ಓದಿದೆ. ಕೊನೆಯದು ರಾಮಾಂಜಿನಪ್ಪ, ನನ್ನ ಹೆಸರು.

ಖಾಲಿ ಹಾಳೆಗೆ ರುಜು ಹಾಕಿಸಿಕೊಂಡು ಮೇಲೆ ಬರೆದುಕೊಂಡಿದ್ದಾರೆ ಅಂತ ಕೂಗಿದೆ. ಕೋನಪ್ಪನ ಅಂಗಿ ಹಿಡಿದು ಜಗ್ಗಿದೆ. ಆವಲಪ್ಪ ಎದ್ದು, ಎಲೆ ಉಗಿದು ಬಂದು, ನಿಧಾನವಾಗಿ ಕೇಳಿದ.

“ಖಾಲಿ ಹಾಳೆಗೆ ರುಜು ಹಾಕೋನು ಅಂತ ನೀನೇ ಹೇಳ್ತಿದೀಯ. ಅಂಗೇ ಬರ್ಕೊಡ್ತೀಯಾ ಸಾಹೇಬ್ರಿಗೆ?”

“ಬರ್ಕೊಡ್ತೀನಿ. ನಿನ್ನ ಜೊತೆ ನಾನೂ ಜೈಲಿಗೆ ಹೋದ್ರೂ ಸೈ.”

“ಬರ್ಕೊಡು. ಈವರೆಗೂ ನಾವು ಮಾಡಿರೋ ತೀರ್ಮಾನ ಎಲ್ಲಾದ್ರಾಗೂ ನಿನ್ನ ರುಜು ಅಯ್ತೆ. ಯಾವುದು ದಿಟ ಯಾವುದು ಖಾಲಿ ಅಂತ ಒಂದೊಂದಾಗಿ ಅವರೇ ಕೇಳ್ತಾರೆ.”

ನಾನು ಪುಟ ಹಿಂದಕ್ಕೆ ತಿರುವಿದೆ. ಪ್ರತಿ ಪುಟದ ಕೆಳಗೂ ಎರಡು ಗೆರೆ, ಒಂದು ಚುಕ್ಕಿ. ಮೇಲೆ ನಾನು ಎಂದೂ ಕೇಳದ ಮಾತುಗಳು. ಕೆರೆಯ ಅಂಗಳದ ಜಾಲಿ ಮರಗಳು ಯಾರಿಗೋ, ಹಳೇ ದಾರಿ ಯಾರಿಗೋ.

ಚಿಕ್ಕಮುನಿಯಕ್ಕ ಎದ್ದು ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಬೆಳಿಗ್ಗೆ ಅವಳಿಂದ ಇಸಿದುಕೊಂಡು ಜೇಬಿನಲ್ಲಿ ಇಟ್ಟುಕೊಂಡಿದ್ದ ಅಮಲ್ದಾರರ ಕಚೇರಿಯ ಕಾಗದವನ್ನು ಕೈ ಚಾಚಿ ಕೇಳಿದಳು, ಕೊಟ್ಟೆ.

“ಅಕ್ಕಾ, ಸೋಮವಾರ ಮತ್ತೆ ಶಿಡ್ಲಘಟ್ಟಕ್ಕೆ ಹೋಗಣ. ನಾನೇ ಸಾಹೇಬರ ಮುಂದೆ ತಪ್ಪು ಒಪ್ಕೋತೀನಿ,” ಅಂದೆ.

“ಅವ್ರು ಕಳ್ಳರು ಅಂತ ನಂಗೆ ಮೊದಲೇ ಗೊತ್ತಿತ್ತು ಕಣಪ್ಪ,” ಅಂದಳು. “ನೀನು ಓದ್ದೋನು ಅಂತ ನಂಬಿದ್ದೆ.”

ಇಷ್ಟೇ ಅಂದದ್ದು. ಜನ ದಾರಿ ಬಿಟ್ಟರು. ಮೆಟ್ಟಿಲು ಇಳಿದು, ಮನೆಯ ಕಡೆಗೆ ಅಲ್ಲ, ಗುಟ್ಟೆಯ ಕಡೆಗೆ ನಡೆದಳು. ಅವತ್ತು ತೋಟದಲ್ಲಿದ್ದ ಸೊಪ್ಪನ್ನೆಲ್ಲ ಬುಡದ ತನಕ ಕೊಯ್ದು, ಪಕ್ಕದ ಮನೆಯವರಿಗೆ ಹುಳುವಿನ ತಟ್ಟೆಗಳ ಸಮೇತ ಕೊಟ್ಟಳಂತೆ. ನಾನು ಸಂಜೆ ಅರ್ಜಿ ಬರೆದುಕೊಂಡು ಅವಳ ಹೆಬ್ಬೆಟ್ಟಿಗೆಂದು ಹೋದಾಗ ಬಾಗಿಲಿಗೆ ಬೀಗವಿತ್ತು. ಕೈವಾರದ ಬಸ್ಸು ಹತ್ತಿದಳು ಅಂದರು. ಎರಡು ಸಲ ಅಲ್ಲಿಗೆ ಹೋಗಿ ಕರೆದೆ. ಎರಡು ಸಲವೂ ಮಗಳೇ ಹೊರಗೆ ಬಂದು, ಅಮ್ಮ ಬರಲ್ಲವಂತೆ ಅಂದಳು.

ಚಿಕ್ಕಮುನಿಯಕ್ಕ ನಲ್ಲಗುಟ್ಟಪಲ್ಲಿಗೆ ಮತ್ತೆ ಬರಲಿಲ್ಲ.