ಹನ್ನೊಂದನೇ ನಂಬರಿನ ಕೂಗು

"ನಲವತ್ತು ಸಾವಿರ ಒಂದ್ಸಲ! ನಲವತ್ತು ಸಾವಿರ ಎರಡ್ಸಲ!"

ಮರಿಯಮ ಮೈಕಿನ ಮೇಲೆ ಬಗ್ಗಿ ಕೂಗಿದಳು, ಪರದೆ ನೋಡಿದಳು. ಪರದೆಯಲ್ಲಿದ್ದದ್ದು ಮೂರು ಇಂಗ್ಲಿಷ್ ಅಕ್ಷರ, ಕೆಎಸ್‌ಕೆ; ಅದರ ಬಾಲಕ್ಕೊಂದು ಡಾಟ್ ಇನ್. ಇಂಟರ್‌ನೆಟ್ಟಿನ ವಿಳಾಸ ಗಿಡ್ಡವಾದಷ್ಟೂ ಅದರ ಧಿಮಾಕೂ ಬೆಲೆಯೂ ಹೆಚ್ಚು. ಮಚ್ಛೆ ಊರಿನ ಲೇತ್ ಶೆಡ್ಡೊಂದರ ಮಹಡಿಯಲ್ಲಿ ಕೂತು ಅಭಿಜಿತ ಅಂಥವನ್ನೇ ಲೈವ್ ಹರಾಜು ಹಾಕುತ್ತಿದ್ದ. ಕೂಗುವ ಕೆಲಸ ಮರಿಯಮಳದು, ಕೀಲಿಮಣೆ ಅವನದು. ಕೊಳ್ಳುವವರು ತಮ್ಮ ತಮ್ಮ ಊರಲ್ಲಿ ಕೂತು ಅವಳ ದನಿ ಕೇಳುತ್ತಿದ್ದರು. ಹರಾಜು ನಡೆಯುವಾಗ ಅವರಿಗೆ ಹೆಸರಿಲ್ಲ, ನಂಬರು ಮಾತ್ರ. ನಲವತ್ತು ಹೇಳಿದ್ದು ನಾಲ್ಕನೇ ನಂಬರು. ಉಳಿದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಹರಾಜು ತಣ್ಣಗಾದರೆ ಅವಳಿಗೆ ತಡೆಯದು. ಬಲಗೈ ತಾನಾಗಿ ಹಣೆಗೆ ಹೋಯಿತು. "ನಲವತ್ತೈದು!" ಅಂದುಬಿಟ್ಟಳು.

ಖಾನಾಪುರದ ಗೆಣಸಿನ ಪೇಟೆಯಲ್ಲಿ ಹರಾಜು ಕೂಗುವ ಅವಳಪ್ಪ ಶಬ್ಬೀರ ಹೀಗೇ ಮಾಡುತ್ತಿದ್ದ. ದರ ಏರಿಸುವ ಸವಾಲು ನಿಂತಾಗ ಟೋಪಿ ಮುಟ್ಟಿ ತಾನೇ ಒಂದು ದರ ಕೂಗುವುದು. ಎಬ್ಬಿಸೋ ಕೂಗು ಅಂತ ಅದಕ್ಕೆ ಹೆಸರು. ಟೋಪಿ ಮುಟ್ಟಿದ್ದನ್ನು ಇಡೀ ಪೇಟೆ ನೋಡುತ್ತಿತ್ತು, "ಚಾಚಾ ಎದ್ದಾನ, ನೀವೂ ಏಳ್ರಲೇ!" ಎಂದು ನಗುತ್ತಿತ್ತು. ಮನಸ್ಸಿದ್ದವ ಏರಿಸುತ್ತಿದ್ದ, ಯಾರೂ ಏರಿಸದಿದ್ದರೆ ಆ ಕೂಗು ಗಾಳಿಗೆ ಹೋಗಿ ಮಾಲು ಹಿಂದಿನ ದರಕ್ಕೇ ಬೀಳುತ್ತಿತ್ತು. ಅದರಲ್ಲಿ ಗುಟ್ಟಿರಲಿಲ್ಲ, ಹಾಗಾಗಿ ಮೋಸವೂ ಇರಲಿಲ್ಲ.

ಆದರೆ ಮಚ್ಛೆಯ ಮಹಡಿಯಿಂದ ಹೊರಗೆ ಹೋಗುತ್ತಿದ್ದದ್ದು ದನಿಯೊಂದೇ. ಹಣೆಗೆ ಹೋದ ಕೈಯನ್ನು ನೋಡಿದ್ದು ಸುಣ್ಣ ಕಿತ್ತ ಗೋಡೆ. ಫೋನಿನಲ್ಲಿ ಬಂದ ಸವಾಲನ್ನು ಅವಳು ಕೂಗಿದರೆ ಅಭಿಜಿತ ಅದನ್ನು ಪರದೆಗೆ ತುಂಬುವುದು ರೂಢಿ. ಈಗಲೂ ಕತ್ತೆತ್ತದೆ ಬೆರಳಾಡಿಸಿದ. ಯಾರಿಗೂ ಕೊಡದೆ ಖಾಲಿಯಿದ್ದ ಹನ್ನೊಂದನೇ ನಂಬರಿನ ಮುಂದೆ ನಲವತ್ತೈದು ಮೂಡಿತು. ಅವಳು "ಏ, ಅದಲ್ಲ" ಎನ್ನುವಷ್ಟರಲ್ಲಿ ನಾಲ್ಕನೇ ನಂಬರು ಐವತ್ತೈದಕ್ಕೆ ಜಿಗಿದಿತ್ತು.

ಅಭಿಜಿತನಿಗೆ ಆಗ ಅರ್ಥವಾಯಿತು. ಫೋನು ರಿಂಗಾಗಿಯೇ ಇರಲಿಲ್ಲ. ಅವನು ಮೆಲ್ಲಗೆ ನಕ್ಕು ಹೆಬ್ಬೆರಳೆತ್ತಿ ತೋರಿಸಿದ.

ನಿಲ್ಲಿಸಬಹುದಿತ್ತು. ಆದರೆ ಕೂಗುವವರ ನೆತ್ತಿಗೆ ಏರುವ ಒಂದು ಕಾವಿದೆ. "ಅರವತ್ತು!" ಎಂದಳು ಮರಿಯಮ. ಈ ಸಲ ಅವಳ ಕೈ ಮೇಜಿನ ಮೇಲೇ ಇತ್ತು.

ನಾಲ್ಕನೇ ನಂಬರು ಎಪ್ಪತ್ತು ಅಂದಿತು. ಗೆದ್ದಿತು.

"ರದ್ದು ಮಾಡು," ಎಂದಳು ಮೈಕು ಆರಿಸಿ.

"ಅರೇ, ಅವಂಗ ಬೇಕಾಗಿತ್ತು, ತಗೊಂಡ. ನಾವೇನ ಅವನ ಕುತ್ತಿಗಿ ಹಿಡದೇವಿ?"

"ಮ್ಯಾಲಿನ ಮೂವತ್ತು ಸುಳ್ಳು ಅಭಿಜಿತ. ಮೊದಲನೇದು ರೂಢೀಲೆ ಬಂತು. ಎರಡನೇದು..."

"ಎರಡನೇದು ಚಲೋ ಇತ್ತು." ಅವನು ನಂಬರುಗಳ ಹಿಂದಿನ ಹೆಸರುಗಳಿದ್ದ ಪರದೆಯನ್ನು ಅವಳ ಕಡೆ ತಿರುಗಿಸಿದ. ನಾಲ್ಕನೇ ನಂಬರು ಖಾನಾಪುರದ ಕಲ್ಮೇಶ, ಗೋಡಂಬಿ ವ್ಯಾಪಾರ. ಕೆಳಗೆ ಅವನದೇ ಸಂದೇಶ: ಶಬ್ಬೀರ್ ಚಾಚಾನ ಮಗಳು ಕೂಗ್ತಾಳ ಅಂತ ಕೇಳಿ ನಂಬಿ ಬಂದೆ, ಭಾಳ ಖುಷಿ ಆತು.

ಮರಿಯಮ ಅದನ್ನು ಓದಿ ಮುಖ ತಿರುಗಿಸಿದಳು.

"ಹೋಗಿ ಹೇಳು," ಎಂದ ಅಭಿಜಿತ. "ಅವ ಹೂಂ ಅಂದ್ರ ಮೂವತ್ತೂ ತಿರುಗಿ ಕಳಸ್ತೀನಿ, ನಂದೇನ ತಕರಾರಿಲ್ಲ. ಆದ್ರ ಆಮ್ಯಾಲ ಖಾನಾಪುರದಾಗ ನಿಮ್ಮಪ್ಪನ ಕೂಗು ಯಾರ ನಂಬ್ತಾರ, ಅದಷ್ಟ ವಿಚಾರ ಮಾಡು."

ಅವಳು ಹೋಗಲಾರಳು ಎಂದೇ ಅವನು ಬಾಜಿ ಕಟ್ಟಿದ್ದ. ಅವಳೂ ಹಾಗೇ ಅಂದುಕೊಂಡಿದ್ದಳು. ಆದರೆ ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ಇವತ್ತ ಹೆಂಗಿತ್ತವಾ ಸವಾಲು?" ಎಂದು ಕೇಳಿದ. ಅವಳು ತಟ್ಟೆ ಸರಿಸಿ ಎದ್ದಳು.

ಮರುದಿನ ಖಾನಾಪುರದ ಬೀಡಿ ರಸ್ತೆಯಲ್ಲಿದ್ದ ಕಲ್ಮೇಶನ ಗೋಡಂಬಿ ಶೆಡ್ಡಿಗೆ ಹೋದಳು. ಗೋಡಂಬಿ ಸಿಪ್ಪೆಯ ಎಣ್ಣೆಯ ಘಾಟು ಗಂಟಲಿಗೇ ಹೊಡೆಯಿತು. ಸಾಲಾಗಿ ಕೂತ ಹೆಂಗಸರು ಕಟಕಟ ಬೀಜ ಒಡೆಯುತ್ತಿದ್ದರು. ಕಲ್ಮೇಶ, ನಲವತ್ತರ ಆಸುಪಾಸಿನ ದಪ್ಪ ಮೀಸೆಯವ, ಅವಳ ಗುರುತು ಹತ್ತಿದ್ದೇ ಎದ್ದು ಬಂದ.

"ಬರ್ರಿ, ಬರ್ರಿ, ಕುಂದರ್ರಿ! ಪ್ರಮಿಳಾ, ಚಾ ಹೇಳು. ನಮ್ಮನ್ನ ಗೆಲ್ಲಿಸಿದ ದನಿ ಮನಿತನಕ ಬಂದೈತಿ!"

ಬೀಜ ಒಡೆಯುತ್ತಿದ್ದ ಪ್ರಮಿಳಾ ಎಣ್ಣೆ ಹತ್ತದಂತೆ ಕೈಗೆ ಬಳಿದ ಬೂದಿ ಕೊಡವಿದಳು. "ನಿನ್ನೆಯಿಂದ ಸಾಹೇಬ್ರು ಗೋಡಂಬಿ ಬಿಟ್ಟು ಬರೇ ಕಥಿ ಮಾರಾಕತ್ತಾರ್ರೀ ಅಕ್ಕಾ. ಪುಕ್ಕಟೆ!"

"ನಗ್ರಿ, ನಗ್ರಿ." ಕಲ್ಮೇಶ ಕುರ್ಚಿ ಎಳೆದು ಎದುರಿಗೆ ಕೂತ. "ಕೆಎಸ್‌ಕೆ ಅಂದ್ರ ಏನ ಗೊತ್ತೇನ್ರಿ? ಕಲ್ಮೇಶ, ನನ್ನ ಗೆಳೆಯ ಸುಮಿತ, ಮತ್ತ ನಮ್ಮ ಗೋಡಂಬಿ, ಕಾಜು. ಸಾಲಿಯಿಂದ ಕೂಡಿ ಬೆಳದ್ವಿ, ಕೂಡೇ ಧಂದೆ ಹಾಕಿದ್ವಿ. ಹ್ವಾದ ವರ್ಷ ಪಾಲ ಮುರಕೊಂಡ ಹೋದ ಸುಮಿತ. ಈ ಬಾಗಲದಾಗಿಂದನ ಹೋದ. ಒಮ್ಮೆರ ತಿರುಗಿ ನೋಡಬೇಕಲ್ಲ? ನೋಡ್ಲಿಲ್ಲ."

"ಕಲ್ಮೇಶಣ್ಣಾ, ನಾ ಒಂದ ಮಾತು..."

"ತಡೀರಿ, ಕೇಳ್ರಿ. ಆ ಹನ್ನೊಂದನೇ ನಂಬರ್ ಅವನ! ಅವನ್ನ ಬಿಟ್ರ ಆ ಮೂರು ಅಕ್ಷರ ಮತ್ಯಾರಿಗೆ ಬೇಕ್ರಿ? ಅವತ್ತ ತಿರುಗಿ ನೋಡದಾಂವ ನಿನ್ನೆ ನೋಡ್ದ. ಒಂದ ಸಲ ಅಲ್ಲ, ಎರಡ ಸಲ ನೋಡ್ದ!"

ಚಹಾ ಬಂತು. ಮರಿಯಮ ಲೋಟ ಮುಟ್ಟಲಿಲ್ಲ. ಈಗ ಎದ್ದು ಹೋದರೆ ಈ ಮನುಷ್ಯ ಸುಖವಾಗಿರುತ್ತಾನೆ, ಅಪ್ಪನ ಹೆಸರೂ ಉಳಿಯುತ್ತದೆ, ನಾನೊಬ್ಬಳು ಬೇಯುತ್ತೇನೆ ಅಷ್ಟೇ. ಹಾಗೆ ಅನ್ನಿಸಿದ್ದಕ್ಕೇ ಹೆದರಿ, ಗಡಬಡಿಸಿ ಹೇಳಿಬಿಟ್ಟಳು.

"ಹನ್ನೊಂದನೇ ನಂಬರ್ ನಾನ ರೀ."

ಅವನು ನಕ್ಕ. ಅವಳು ನಗಲಿಲ್ಲ. ಎಬ್ಬಿಸೋ ಕೂಗು, ಯಾರಿಗೂ ಕಾಣದ ಕೈ, ಆಮೇಲೆ ಎತ್ತದೇ ಉಳಿದ ಕೈ, ಎಲ್ಲವನ್ನೂ ಹೇಳಿದಳು. ಶೆಡ್ಡಿನಲ್ಲಿ ಕಟಕಟ ಒಂದೊಂದಾಗಿ ನಿಂತಿತು.

"ಎರಡೂ ಸಲ ನೀವ?" ಕಲ್ಮೇಶನ ದನಿ ಸಣ್ಣದಾಗಿತ್ತು.

"ಎರಡೂ ಸಲ. ಸುಮಿತ ಅನ್ನೋರು ಬಂದೇ ಇರ್ಲಿಲ್ರಿ. ನಾ ಎಲ್ಲಾ ಹೆಸರು ನೋಡೇನಿ." ಅವಳು ಫೋನು ತೆಗೆದಳು. "ಅಭಿಜಿತಗ ಹಚ್ತೀನಿ. ನೀವು ಹೂಂ ಅಂದ್ರ ಸಾಕು, ಮೂವತ್ತು ಸಾವಿರ ಈಗಿಂದೀಗ ನಿಮ್ಮ ಖಾತೇಕ ಬರ್ತದ. ಆ ವಿಳಾಸನೂ ನಿಮಗ ಉಳೀತದ. ಅನ್ರಿ ಅಣ್ಣಾ."

ಫೋನು ರಿಂಗಾಗತೊಡಗಿತು. ಆ ಕಡೆಯಿಂದ ಅಭಿಜಿತ "ಹಲೋ" ಎಂದ. ಮರಿಯಮ ಫೋನನ್ನು ಕಲ್ಮೇಶನ ಬಾಯಿಯ ಹತ್ತಿರ ಹಿಡಿದಳು. ಅವನು ಹೆಂಗಸರ ಕಡೆ ನೋಡಿದ, ಸುಮಿತ ಹೋದ ಬಾಗಿಲ ಕಡೆ ನೋಡಿದ, ಆಮೇಲೆ ಅವಳ ಕೈಯನ್ನು ಪಕ್ಕಕ್ಕೆ ಸರಿಸಿದ.

"ಬ್ಯಾಡ," ಎಂದ. "ಒಂದ ರೂಪಾಯಿನೂ ನಾ ತಗೊಳ್ಳಂಗಿಲ್ಲ. ತಗೊಂಡ್ರ ಅವ ತಿರುಗಿ ನೋಡ್ಲೇ ಇಲ್ಲ ಅಂತ ನಾನ ಒಪ್ಪಿದಂಗ ಆಕ್ಕತಿ."