ದಕ್ಷಿಣ ಕ್ಯಾರೊಲಿನಾದ ಚೀಟಿ

ನನ್ನ ಮೊಮ್ಮಗಳು ಡೆಲ್ಫೀನ್ ಆ ದಿನ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡತೊಡಗಿದಳು. ಹದಿಮೂರು ವರ್ಷದ ಹುಡುಗಿ, ಎಂಟನೇ ತರಗತಿ. ಅವಳ ತಾಯಿ, ಎಂದರೆ ನನ್ನ ಮಗಳು, ನಾರ್ಫೋಕ್‌ನ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಾಳೆ, ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ಉಳಿದ ದಿನ ಮನೆಯಲ್ಲಿ ನಾವಿಬ್ಬರೇ.

"ಏನಾಯ್ತೇ?" ಎಂದೆ.

"ಏನಿಲ್ಲ."

"ಏನಿಲ್ದಿದ್ರೆ ಕೂತ್ಕೊ. ನನ್ನ ನೆಲ ಸವೆದುಹೋಗ್ತಿದೆ."

ಕೂರಲಿಲ್ಲ. ನಿಂತಲ್ಲೇ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲೆ ಹಾಕಿದಳು. "ನೋಡು ಅಜ್ಜಿ. ನಾನೀಗ ದಕ್ಷಿಣ ಕ್ಯಾರೊಲಿನಾದ ಜಮೀನ್ದಾರ. ನನ್ನ ಹತ್ರ ಇನ್ನೂರು ಜನ ಗುಲಾಮರಿದ್ದಾರೆ."

ಅವರ ಚರಿತ್ರೆಯ ಮೇಷ್ಟ್ರು ಮಿಸ್ಟರ್ ಟೀಗ್ ತರಗತಿಯಲ್ಲಿ ಸಾವಿರದ ಏಳುನೂರ ಎಂಬತ್ತೇಳರ ಸಭೆಯನ್ನು ಆಡಿಸಲು ಹೊರಟಿದ್ದರಂತೆ. ಫಿಲಡೆಲ್ಫಿಯಾದಲ್ಲಿ ಬಾಗಿಲು ಕಿಟಕಿ ಮುಚ್ಚಿಕೊಂಡು ದೇಶದ ಸಂವಿಧಾನ ಬರೆದರಲ್ಲ, ಅದೇ ಸಭೆ. ಒಂದೊಂದು ರಾಜ್ಯಕ್ಕೆ ಇಬ್ಬಿಬ್ಬರು ಮಕ್ಕಳು. ಯಾರು ಯಾವ ರಾಜ್ಯ ಎಂಬುದನ್ನು ಬೇಸ್‌ಬಾಲ್ ಟೋಪಿಯೊಳಗಿನ ಚೀಟಿ ಎತ್ತಿ ತೀರ್ಮಾನಿಸಿದರು. ಗುಲಾಮರಾಗಿದ್ದ ಕರಿಯರ ವಂಶದ ಡೆಲ್ಫೀನ್ ತನ್ನ ಚೀಟಿ ಓದಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರಂತೆ. ಮೇಷ್ಟ್ರ ಮುಖ ಕಿವಿಯವರೆಗೂ ಕೆಂಪಾಯಿತಂತೆ. ಬೇರೆ ಚೀಟಿ ತಗೋ ಎಂದು ಟೋಪಿ ಮತ್ತೆ ಮುಂದೆ ಹಿಡಿದರಂತೆ. ಇವಳು ಬೇಡವೆಂದಳು.

"ಯಾಕೆ ಬೇಡ ಅಂದೆ?"

"ಎಲ್ರೂ ನನ್ನೇ ನೋಡ್ತಿದ್ರು ಅಜ್ಜಿ. ಆಗ ಬದಲಾಯಿಸ್ಕೊಂಡ್ರೆ ಹೆಂಗಿರುತ್ತೆ?"

ನಾನು ಅದೇ ಶಾಲೆಯ ಊಟದ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ. ಮಕ್ಕಳಿಗೂ ಮೇಷ್ಟ್ರುಗಳಿಗೂ ನಾನು ಮಿಸ್ ಒಜೆಲಾ. ಆ ಶಾಲೆಯಲ್ಲಿ ಯಾವ ಮಗುವಿಗೆ ಕಡಲೆಕಾಯಿ ಆಗುವುದಿಲ್ಲ, ಯಾವುದು ಹಾಲು ಚೆಲ್ಲುತ್ತದೆ ಎಲ್ಲವೂ ನನಗೆ ಗೊತ್ತು. ಆದರೆ ಮೇಲಿನ ಕೋಣೆಗಳಲ್ಲಿ ಏನು ಪಾಠ ನಡೆಯುತ್ತದೆ ಎಂದು ತಿಳಿದುಕೊಂಡವಳಲ್ಲ. ಹಾಗಾಗಿ ಡೆಲ್ಫೀನ್ ಏನು ವಾದಿಸಬೇಕು ಎಂದು ಕೇಳಿದೆ.

"ಕಾನೂನು ಮಾಡೋ ಕಾಂಗ್ರೆಸ್ಸಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಅಂತ ಲೆಕ್ಕ ಹಾಕುವಾಗ ಗುಲಾಮರನ್ನೂ ಎಣಿಸ್ಬೇಕು ಅಂತ."

"ಅದು ಒಳ್ಳೇದೇ ಅಲ್ವಾ? ನಮ್ಮನ್ನ ಐದರಲ್ಲಿ ಮೂರು ಪಾಲು ಮನುಷ್ಯರು ಅಂತ ಬರೆದ್ರು ಅಂತ ಚರ್ಚಲ್ಲಿ ಚಿಕ್ಕಂದಿನಿಂದ ಕೇಳಿದ್ದೀನಿ. ಪೂರ್ತಿ ಎಣಿಸಿ ಅಂದೋರು ಒಳ್ಳೆಯವರು, ಕಮ್ಮಿ ಎಣಿಸಿ ಅಂದೋರು ಕೆಟ್ಟವರು."

"ಉಲ್ಟಾ ಅಜ್ಜಿ. ಪೂರ್ತಿ ಎಣಿಸಿ ಅಂದೋರೇ ಯಜಮಾನ್ರು. ಎಣಿಸಿದಷ್ಟೂ ಅವರಿಗೆ ಸೀಟು ಜಾಸ್ತಿ. ಓಟು ಮಾತ್ರ ನಮಗಿಲ್ಲ. ಬೇಡ ಅಂದ ಉತ್ತರದ ರಾಜ್ಯದೋರು ನಮ್ಮನ್ನ ಒಂದೂ ಎಣಿಸ್ಬೇಡಿ ಅಂದ್ರು."

"ಹಂಗಾದ್ರೆ ನಮ್ಮ ಕಡೆ ಯಾರಿದ್ರು?"

"ಆ ಕೋಣೇಲಾ? ಯಾರೂ ಇರ್ಲಿಲ್ಲ."

ಆ ಸಂಜೆ ಒಲೆಯೊಳಗಿದ್ದ ಮೆಕ್ಕೆಜೋಳದ ಬ್ರೆಡ್ಡು ಸೀದುಹೋಯಿತು. ಅರವತ್ತೆರಡು ವರ್ಷ ಒಂದು ಮಾತನ್ನು ನಂಬಿಕೊಂಡು, ಭಾನುವಾರ ಭಾನುವಾರ ಅದಕ್ಕೆ ತಲೆಯಾಡಿಸಿಕೊಂಡು ಬಂದವಳಿಗೆ, ಅದು ಇನ್ನೂ ಕೆಟ್ಟ ಬೇರೊಂದು ಮಾತು ಎಂದು ತಿಳಿದರೆ ಎಲ್ಲಿ ಕೂರುವುದು, ಎಲ್ಲಿ ನಿಲ್ಲುವುದು?

ಆ ಪಾಠ ನನಗೆ ಯಾರೂ ಮಾಡಿರಲಿಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ, ಕರಿಯರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರಬೇಕೆಂದು ನ್ಯಾಯಾಲಯ ಹೇಳಿತು. ನಮ್ಮ ಕೌಂಟಿಯವರು, ಎಂದರೆ ಜಿಲ್ಲೆಯ ಆಡಳಿತದವರು, ಅದನ್ನು ಪಾಲಿಸುವ ಬದಲು ಸರ್ಕಾರಿ ಶಾಲೆಗಳನ್ನೆಲ್ಲ ಮುಚ್ಚಿಬಿಟ್ಟರು. ಐದು ವರ್ಷ. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ನಮಗೆ ಚರ್ಚಿನ ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸು ಓದು ಬರಹ ಕಲಿಸಿದಳು, ಅಷ್ಟೆ. ಮತ್ತೆ ಬಾಗಿಲು ತೆರೆದಾಗ ನನಗೆ ಹದಿನಾಲ್ಕು. ಚಿಕ್ಕ ಮಕ್ಕಳ ಜೊತೆ ಕೂರಿಸಿದರು, ಮಂಡಿ ಡೆಸ್ಕಿಗೆ ಬಡಿಯುತ್ತಿತ್ತು. ಹದಿನಾರಕ್ಕೆ ಬಿಟ್ಟು ಕೆಲಸಕ್ಕೆ ಸೇರಿದೆ. ದೇಶ ಕಟ್ಟಿದವರು ಎಂದರೆ ನನ್ನ ಮಟ್ಟಿಗೆ ಗೋಡೆಯ ಮೇಲಿನ ಬಿಳಿ ಕೂದಲ ಗಂಡಸರ ಚಿತ್ರಗಳು. ಅವುಗಳ ಧೂಳು ಒರೆಸಿದ್ದೇನೆ.

ಬುಧವಾರ ಊಟದ ಗದ್ದಲ ಮುಗಿದ ಮೇಲೆ ಮಿಸ್ಟರ್ ಟೀಗ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಒಹಾಯೊ ಕಡೆಯ ಬಿಳಿಯ ಹುಡುಗ, ಕೆಲಸಕ್ಕೆ ಸೇರಿ ಇದು ಎರಡನೇ ವರ್ಷ. ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

"ಮಿಸ್ ಒಜೆಲಾ, ಒಂದ್ನಿಮಿಷ ಬಿಡುವಿದ್ಯಾ?"

"ತಟ್ಟೆ ತೊಳೀತಾ ಕೇಳ್ತೀನಿ. ಹೇಳಿ."

"ಆ ಚೀಟಿ ವಿಷಯ. ನಾನು ಮೊದಲೇ ಯೋಚನೆ ಮಾಡ್ಬೇಕಿತ್ತು. ಮ್ಯಾಸಚೂಸೆಟ್ಸ್ ತಗೊಂಡಿದ್ದ ಹುಡುಗ ಬದಲಾಯಿಸ್ಕೊಳ್ಳಕ್ಕೆ ಒಪ್ಪಿದ್ದಾನೆ. ನೀವು ಡೆಲ್ಫೀನ್‌ಗೆ ಒಂದ್ಮಾತು ಹೇಳಿದ್ರೆ ಕೇಳ್ತಾಳೆ."

"ಇದು ಅವಳ ಸಲುವಾಗಿ ಕೇಳ್ತಿರೋದಾ, ನಿಮ್ಮ ಸಲುವಾಗಾ?"

"ಎರಡೂ" ಎಂದರು.

ಆ ಉತ್ತರಕ್ಕೆ ಅವರ ಮೇಲೆ ನನಗೆ ಪ್ರೀತಿಯೇ ಬಂತು. "ನಾನು ಅವಳಿಗೆ ಹೇಳಲ್ಲ. ಬೇಕಾದ್ರೆ ಕೇಳ್ತೀನಿ" ಎಂದೆ.

ಕೇಳಿದೆ. ಡೆಲ್ಫೀನ್ ಸ್ನಾನದ ಮನೆಯ ಬಾಗಿಲು ಅರ್ಧ ತೆಗೆದು, ಬಾಯಿಯ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಹೇಳಿದಳು: "ಬದಲಾಯಿಸ್ಕೊಳ್ಳಲ್ಲ. ಆ ಜಮೀನ್ದಾರನ ಮಾತನ್ನ ಎಷ್ಟು ಚೆನ್ನಾಗಿ ಹೇಳ್ತೀನಿ ಅಂದ್ರೆ, ಕೇಳಿದೋರು ನಾಚ್ಕೊಂಡು ತಲೆ ತಗ್ಗಿಸ್ಬೇಕು."

ಬಾಗಿಲು ಮುಚ್ಚಿತು. ಗೋಡೆಯಾಚೆಯಿಂದ ಅವಳು ಅಭ್ಯಾಸ ಮಾಡುವುದು ಕೇಳಿಸಿತು. ದಪ್ಪ ದನಿ, ತಡೆಯಿಲ್ಲದ ಮಾತು. "ಮಾನ್ಯರೇ, ನನ್ನ ಜನ ದುಡಿಯುತ್ತಾರೆ. ಅವರ ದುಡಿಮೆಯಿಂದ ಈ ಒಕ್ಕೂಟ ಬೆಳೆಯುತ್ತದೆ. ಅವರನ್ನು ಎಣಿಸಬಾರದೇಕೆ?" ನನ್ನ ಜನ. ನಾನು ಹಿತ್ತಿಲಿಗೆ ಹೋಗಿ, ಇನ್ನೂ ಹಸಿಯಿದ್ದ ಬಟ್ಟೆಗಳನ್ನು ತಂತಿಯಿಂದ ತೆಗೆದು ಒಳಗೆ ತಂದೆ. ಆಮೇಲೆ ಮತ್ತೆ ಹೋಗಿ ಒಣಹಾಕಿದೆ.

ಶುಕ್ರವಾರ ಮೇಲಿನವರ ಹತ್ತಿರ ನಲವತ್ತು ನಿಮಿಷದ ಬಿಡುವು ಕೇಳಿಕೊಂಡು, ತಲೆಯ ಬಲೆಟೋಪಿಯನ್ನೂ ತೆಗೆಯದೆ ಹೋಗಿ ತರಗತಿಯ ಹಿಂದಿನ ಕುರ್ಚಿಯಲ್ಲಿ ಕುಳಿತೆ. ಸೆಪ್ಟೆಂಬರಿನ ಸೆಕೆ. ಆ ಕಾಲದಲ್ಲಿ ಗುಟ್ಟು ಹೊರಗೆ ಹೋಗದಿರಲೆಂದು ಕಿಟಕಿ ಮುಚ್ಚಿದ್ದರೆಂದು ಮೇಷ್ಟ್ರೂ ಮುಚ್ಚಿಸಿದ್ದರು, ಎ.ಸಿ. ಕೂಡ ಆರಿಸಿದ್ದರು. ಇಪ್ಪತ್ತನಾಲ್ಕು ಮಕ್ಕಳು ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

ಪೆನ್ಸಿಲ್ವೇನಿಯಾದ ಪರವಾಗಿ ಟಕರ್ ವಾಸರ್ ಎಂಬ ಉದ್ದನೆಯ ಬಿಳಿಯ ಹುಡುಗ ಎದ್ದ. "ಅವರು ತಮ್ಮ ಆಸ್ತೀನ ಎಣಿಸೋದಾದ್ರೆ ನಾವು ನಮ್ಮ ಕುದುರೆ ಎಣಿಸ್ತೀವಿ" ಎಂದ. ಮಕ್ಕಳು ನಕ್ಕರು. ತಕ್ಷಣ ಅವನು ಡೆಲ್ಫೀನ್ ಕಡೆ ನೋಡಿ, "ಹಂಗೆ ಬರ್ದಿದೆ, ನಾನ್ ಹೇಳ್ತಿರೋದಲ್ಲ" ಎಂದು ಗೊಣಗಿ ಕುಳಿತ.

ಡೆಲ್ಫೀನ್ ಎದ್ದಳು. ಕೈಯಲ್ಲಿ ಕಾಗದವಿರಲಿಲ್ಲ. ಅವಳು ಕೂಗಾಡಲಿಲ್ಲ, ಅಳಲೂ ಇಲ್ಲ. ಮಾವನ ಮನೆಯಲ್ಲಿ ಊಟಕ್ಕೆ ಕುಳಿತವನ ಹಾಗೆ, ಸಮಾಧಾನವಾಗಿ, ಮರ್ಯಾದೆಯಾಗಿ ಮಾತಾಡಿದಳು. ನಮ್ಮ ಅಕ್ಕಿ ನಿಮ್ಮ ಹಡಗು ತುಂಬುತ್ತದೆ, ಅದನ್ನು ಬೆಳೆದ ಕೈಗಳು ನಿಮ್ಮ ಲೆಕ್ಕಕ್ಕೆ ಬೇಡವೆ ಎಂದಳು. ನಾವು ಒಕ್ಕೂಟಕ್ಕೆ ಬರದಿದ್ದರೆ ನೀವು ಯಾರೊಂದಿಗೆ ದೇಶ ಕಟ್ಟುತ್ತೀರಿ ಎಂದು ಒಬ್ಬೊಬ್ಬರ ಮುಖ ನೋಡಿ ಕೇಳಿದಳು. ನಾನು ಸಾಕಿದ ಹುಡುಗಿ ನಮ್ಮನ್ನೇ ಅಷ್ಟು ಚೆನ್ನಾಗಿ ಮಾರುತ್ತಿದ್ದಳು.

ಆಮೇಲೆ ಮೇಷ್ಟ್ರು ರಾಜಿಯ ಮಾತು ಮುಂದಿಟ್ಟರು. ಪೂರ್ತಿಯೂ ಬೇಡ, ಸೊನ್ನೆಯೂ ಬೇಡ, ಐವರಿಗೆ ಮೂವರಂತೆ. ಯಾರಿಗಾದರೂ ಆಕ್ಷೇಪಣೆ ಇದೆಯೇ? ಬಾಗಿಲ ಸಂದಿಯಿಂದ ನನ್ನದೇ ಅಡುಗೆಮನೆಯ ಕರಿದ ಕೋಳಿಯ ವಾಸನೆ ಬರುತ್ತಿತ್ತು.

"ಮುಗಿಸ್ಬಿಡೋಣ. ಊಟಕ್ಕೆ ಹೊತ್ತಾಯ್ತು" ಎಂದಿತು ಒಂದು ದನಿ.

ಕೈಗಳು ಎದ್ದವು. ಎಂಟು ರಾಜ್ಯ ಪರ, ಮೂರು ವಿರೋಧ, ಒಂದರಲ್ಲಿ ಇಬ್ಬರ ಮಾತೂ ಕೂಡಲಿಲ್ಲ. ಯಾರೋ ಡೆಲ್ಫೀನ್‌ಗಾಗಿ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಟಕರ್ ಅವಳ ಡೆಸ್ಕಿನ ಹತ್ತಿರ ಬಂದು, "ಸಖತ್ತಾಗಿ ಮಾತಾಡ್ದೆ ಕಣೆ. ನಾನೇ ಒಪ್ಕೊಂಡ್ಬಿಟ್ಟೆ" ಎಂದ. ನಿಜವಾಗಿಯೂ ಮೆಚ್ಚಿಕೊಂಡೇ ಹೇಳಿದ. ಗಂಟೆ ಬಾರಿಸಿತು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ಕೇಳಲು ಯಾರೂ ಉಳಿದಿರಲಿಲ್ಲ.

ನಾನು ಮುನ್ನೂರು ಮಕ್ಕಳಿಗೆ ಬಡಿಸಬೇಕಿತ್ತು. ಬಡಿಸುತ್ತಲೇ ಸಾಲು ಸಾಲಾಗಿ ಹುಡುಕಿದೆ, ಅವಳು ಬರಲಿಲ್ಲ. ಆಮೇಲೆ ಜಿಮ್ನೇಸಿಯಂ ಹಿಂದಿನ ಮೆಟ್ಟಿಲ ಮೇಲೆ ಸಿಕ್ಕಳು.

"ಗೆದ್ದೆ ಅಜ್ಜಿ."

"ನೋಡ್ದೆ."

"ತಲೆ ತಗ್ಗಿಸ್ತಾರೆ ಅಂದ್ಕೊಂಡಿದ್ದೆ. ಕೈ ಎತ್ತಿದ್ರು."

"ಅವರೇನು ಕೆಟ್ಟ ಮಕ್ಕಳಲ್ಲ ಪುಟ್ಟಿ."

"ಗೊತ್ತು. ಅದೇ ನಂಗೆ ತಡ್ಕೊಳಕ್ಕೆ ಆಗ್ತಿಲ್ಲ. ಕೆಟ್ಟೋರಾಗಿದ್ರೆ ಸುಲಭ ಇತ್ತು. ಅವರಿಗೆ ಹಸಿವಾಗಿತ್ತು, ಅಷ್ಟೆ." ಎದ್ದಳು, ಎರಡು ಮೆಟ್ಟಿಲು ಇಳಿದಳು, ಮತ್ತೆ ಹತ್ತಿದಳು. "ಅಜ್ಜಿ, ನಿನ್ನ ಶಾಲೆ ಮುಚ್ಚಿದ್ರಲ್ಲ, ಆಗ ಯಾರು ಕೈ ಎತ್ತಿದ್ರು?"

"ಕೌಂಟಿ ಮಂಡಳಿಯೋರು."

"ಅವರ ಹೆಸರೇನು?"

ನನಗೆ ಗೊತ್ತಿರಲಿಲ್ಲ. ಐವತ್ತಮೂರು ವರ್ಷ. ನಾನು ಒಮ್ಮೆಯೂ ಕೇಳಿರಲಿಲ್ಲ.

ಶನಿವಾರ, ಭಾನುವಾರ ಹೇಗೆ ಕಳೆದವೋ. ಅವಳಿಗೆ ಪುಸ್ತಕ ಹಿಡಿಸಲಿಲ್ಲ, ನನಗೆ ಪ್ರವಚನ ಹಿಡಿಸಲಿಲ್ಲ. ಸೋಮವಾರ ಶಾಲೆ ಬಿಟ್ಟೊಡನೆ ಇಬ್ಬರೂ ಕೌಂಟಿಯ ಕಚೇರಿಗೆ ಹೋದೆವು. ಆ ಕಟ್ಟಡದ ಮುಂದೆ ಹುಟ್ಟಿದಾಗಿನಿಂದ ಓಡಾಡಿದ್ದೇನೆ. ಒಳಗೆ ಹೋದದ್ದು ಮದುವೆಯ ಪರವಾನಗಿಗೆ ಒಮ್ಮೆ, ಕಾರಿನ ಕಾಗದಕ್ಕೆ ಕೆಲವು ಸಲ. ಹಳೆಯ ಸಭೆಗಳ ನಡಾವಳಿ ಬೇಕೆಂದಾಗ ಗುಮಾಸ್ತೆ ಹುಡುಗಿ ಏಕೆಂದು ಕೇಳದೆ ಒಂದು ದಪ್ಪ ಪುಸ್ತಕ ತಂದಿಟ್ಟಳು. ಅಷ್ಟು ಸುಲಭವಾಗಿ ಸಿಗುತ್ತದೆಂದು ನಾನು ಎಣಿಸಿರಲಿಲ್ಲ.

ಡೆಲ್ಫೀನ್ ಬೆರಳಿಟ್ಟು ಹುಡುಕಿದಳು. ಆರು ಸಾಲು ಇತ್ತು. ಈ ವರ್ಷ ಸಾರ್ವಜನಿಕ ಶಾಲೆಗಳಿಗೆ ಅನುದಾನ ಇಲ್ಲ ಎಂದು. ಅದರ ಕೆಳಗೇ ಒಂದು ಹಳ್ಳದ ಸೇತುವೆಯ ಹಲಗೆ ದುರಸ್ತಿಯ ಬಗ್ಗೆ ಅರ್ಧ ಪುಟ.

"ಹೆಸರು ಓದು" ಎಂದೆ.

ಓದಿದಳು. ಮೂರನೇ ಹೆಸರು ಬಂದಾಗ ಅವಳ ತೋಳು ಹಿಡಿದೆ. "ಅದನ್ನ ಇನ್ನೊಂದ್ಸಲ ಓದು."

"ಯಾರಜ್ಜಿ ಇವನು?"

"ನಮ್ಮಮ್ಮನ ಹತ್ರ ಮೊಟ್ಟೆ ತಗೋತಿದ್ದ. ಪ್ರತಿ ಶನಿವಾರ. ಟೋಪಿ ತೆಗೆದು ಮಾತಾಡ್ಸ್ತಿದ್ದ. ಶಾಲೆ ಮುಚ್ಚಿದ ಮೇಲೂ ಬರ್ತಿದ್ದ. ಹೆಂಗ್ ಓದ್ತಿದ್ದೀಯಮ್ಮಾ ಅಂತ ನನ್ನೇ ಕೇಳಿದ್ದ ಒಂದ್ಸಲ."

"ನೀನೇನಂದೆ?"

"ಚೆನ್ನಾಗಿ ಓದ್ತಿದ್ದೀನಿ ಸರ್, ಅಂದೆ."

ಡೆಲ್ಫೀನ್ ಆ ಪುಟದ ಜೆರಾಕ್ಸ್ ಎರಡು ಮಾಡಿಸಿಕೊಂಡಳು. ಒಂದನ್ನು ಮರುದಿನ ಮಿಸ್ಟರ್ ಟೀಗ್ ಮೇಜಿನ ಮೇಲಿಟ್ಟು, ಈ ಸಭೆಯನ್ನೂ ತರಗತಿಯಲ್ಲಿ ಓದಬೇಕು, ಓದುವಾಗ ಅದರ ಬಗ್ಗೆ ಗೊತ್ತಿರುವ ಒಬ್ಬರು ಕೋಣೆಯಲ್ಲಿ ಇರಬೇಕು ಎಂದಳಂತೆ. ಅವರು ಮತ್ತೆ ಅಡುಗೆಮನೆಗೆ ಬಂದರು. ಈ ಸಲ ತಟ್ಟೆ ತೊಳೆಯುವುದನ್ನು ನಿಲ್ಲಿಸಿ ಕೇಳಿದೆ. ಒಪ್ಪಿದೆ. ಒಪ್ಪಿದ ಮೇಲೆ ಒಂಬತ್ತು ದಿನ ನೆಟ್ಟಗೆ ನಿದ್ದೆ ಮಾಡಲಿಲ್ಲ.

ಆ ಗುರುವಾರ ಕಿಟಕಿಗಳು ತೆರೆದಿದ್ದವು. ಮೇಷ್ಟ್ರು ಆರು ಸಾಲು ಓದಿ, ನನ್ನನ್ನು ಮುಂದಿನ ಕುರ್ಚಿಗೆ ಕರೆದರು. ನಾನು ಬರೆದುಕೊಂಡು ಹೋಗಿದ್ದೆ, ಓದಲಾಗಲಿಲ್ಲ. ಬಾಗಿಲಿಗೆ ಸರಪಣಿ ಹಾಕಿತ್ತು, ಯಾಕೆಂದು ಮಕ್ಕಳಿಗೆ ಯಾರೂ ಹೇಳಲಿಲ್ಲ, ಎಂದಷ್ಟೇ ಹೇಳಿ ನಿಲ್ಲಿಸಿದೆ. ಆಮೇಲೆ ಟಕರ್ ಕೈ ಎತ್ತಿದ.

"ಮಿಸ್ ಒಜೆಲಾ, ಐದು ವರ್ಷ ದಿನಾ ಏನ್ಮಾಡ್ತಿದ್ರಿ?"

ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಹೊಗೆಸೊಪ್ಪಿನ ಹೊಲದಲ್ಲಿ ಎಲೆ ಕಟ್ಟಿದ್ದು, ತಮ್ಮನಿಗೆ ಸಕ್ಕರೆ ಚೀಲದ ಮೇಲಿನ ಅಕ್ಷರ ತೋರಿಸಿ ಓದು ಕಲಿಸಿದ್ದು, ಖಾಸಗಿ ಶಾಲೆಯ ಬಸ್ಸು ಬರುವ ಹೊತ್ತಿಗೆ ಮನೆಯ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದದ್ದು, ಒಂದೊಂದಾಗಿ ಹೇಳಿದೆ. ಅವನು ಕಣ್ಣು ತೆಗೆಯದೆ ಕೇಳಿದ. ಇನ್ನೊಂದು ಹುಡುಗಿ, ಆ ಬಸ್ಸಲ್ಲಿ ನಮ್ಮ ಅಜ್ಜ ಇದ್ದಿರಬೇಕು ಎಂದು ಮೆಲ್ಲಗೆ ಹೇಳಿ ಡೆಸ್ಕು ನೋಡಿದಳು. "ಇದ್ದಿರಬಹುದು ಕಂದಾ" ಎಂದೆ. ಗಂಟೆ ಬಾರಿಸಿದಾಗ ಮೇಷ್ಟ್ರು, ಮುಂದಿನ ವಾರವೂ ಬನ್ನಿ ಎಂದರು.

ಸಂಜೆ ಕಾರಿನಲ್ಲಿ ಡೆಲ್ಫೀನ್ ಚೀಲವನ್ನು ಹಿಂದಿನ ಸೀಟಿಗೆ ಎಸೆದಳು. ಆಮೇಲೆ, "ಮೊಟ್ಟೆಯವನ ವಿಷಯ ಯಾಕೆ ಹೇಳ್ಲಿಲ್ಲ?" ಎಂದಳು.

"ಅವನ ಮೊಮ್ಮಕ್ಕಳು ಇನ್ನೂ ಇದೇ ಊರಲ್ಲಿದ್ದಾರೆ."

"ಅದಕ್ಕೇ ಹೇಳ್ಬೇಕಿತ್ತು."

"ಹೇಳ್ಬೇಕಿತ್ತೇನೋ."

"ಮುಂದಿನ ವಾರ ಹೇಳ್ತೀಯಾ?"

ಸಿಗ್ನಲ್ಲು ಹಸಿರಾಗಿತ್ತು, ಹಿಂದಿನವನು ಹಾರ್ನ್ ಹೊಡೆದ. ನಾನು ಗಾಡಿ ಮುಂದಕ್ಕೆ ಬಿಟ್ಟೆ. ಅವಳು ಕಿಟಕಿಯ ಗಾಜನ್ನು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು. ಮನೆ ತಲುಪುವವರೆಗೂ ನಾನು ಹೇಳಲ್ಲ ಎನ್ನಲಿಲ್ಲ.